ಹೆಡ್‌ಸೆಟ್ಟಿನೊಳಗಿನ ಹುಡುಗಿ

2022ರಲ್ಲಿ ನಾನು ಗಂಗಾವತಿಯ ಒಂದು ಫಿಸಿಯೋಥೆರಪಿ ಕೇಂದ್ರದಲ್ಲಿ ಥೆರಪಿಸ್ಟ್ ಆಗಿದ್ದೆ. ಕುಷ್ಟಗಿಯ ಗ್ಯಾರೇಜಿನಲ್ಲಿ ದುಡಿದು, ಮೀಸೆ ಬಂದ ಮೇಲೆ ಎಸ್ಸೆಸ್ಸೆಲ್ಸಿಗೆ ಕೂತು, ತಡವಾಗಿ ಓದಿದವನು. ಅದಕ್ಕೇ ಏನೋ, ಕಲಿತ ಒಂದೊಂದು ಇಂಗ್ಲಿಷ್ ಶಬ್ದವನ್ನೂ ಹೊಸ ಅಂಗಿಯಂತೆ ತೊಟ್ಟು ತಿರುಗುತ್ತಿದ್ದೆ.

ಆ ವರ್ಷ ನಮ್ಮಲ್ಲಿಗೆ ವಿಆರ್ ಹೆಡ್‌ಸೆಟ್ ಬಂತು. ಕಣ್ಣಿಗೆ ಕಟ್ಟುವ ಪೆಟ್ಟಿಗೆ ಅದು. ಕಟ್ಟಿಕೊಂಡರೆ ಸುತ್ತಲೂ ಬೇರೆಯದೇ ಲೋಕ. ಕೈಯಲ್ಲಿ ಹಿಡಿದ ಕಂಟ್ರೋಲರ್ ಆಡಿಸಿದಂತೆ ಅಲ್ಲಿನ ಕೈಯೂ ಆಡುತ್ತದೆ. ಸ್ಟ್ರೋಕ್ ಆದವರು ಬೇಸರವಿಲ್ಲದೆ ಕೈ ಎತ್ತಲಿ ಎಂಬುದು ಉದ್ದೇಶ.

ಆನೆಗೊಂದಿಯ ಹನುಮವ್ವ ಬಾಳೆನಾರಿನ ಹಗ್ಗ ಹೊಸೆಯುವವರು. ಸ್ಟ್ರೋಕಿನಿಂದ ಅವರ ಎಡಗೈ ಸೋತಿತ್ತು. ಎರಡೂ ಕೈ ಇಲ್ಲದೆ ಹಗ್ಗವಿಲ್ಲ. ಮೇಜಿನ ಮೇಲೆ ಟವೆಲ್ ಸರಿಸಲು ಹೇಳಿದರೆ ಆ ಕೈ ನಿಧಾನವಾಗಿ ಸರಿಯುತ್ತಿತ್ತು. ಹೆಡ್‌ಸೆಟ್ ಹಾಕಿದರೆ ಮಾತ್ರ ತೊಡೆ ಬಿಟ್ಟು ಏಳುತ್ತಿರಲಿಲ್ಲ. ಗಿಡದ ಹಣ್ಣು ಹರಿದು ಕೊಡುವ ಆಟ ಹಾಕಿದ್ದೆ. ನನ್ನ ಕಣ್ಣು ಲ್ಯಾಪ್‌ಟಾಪಿನ ಸ್ಕೋರಿನ ಮೇಲೆ. ಅದು ಸೊನ್ನೆ ಬಿಟ್ಟು ಕದಲಲಿಲ್ಲ.

“ಇಕೀ ಬಾಯಿ ಒಂದಿನ ಸುಮ್ಮನಿರೂದಿಲ್ರಿ, ಕೈ ನೋಡಿದ್ರ ಸತ್ಯಾಗ್ರಹ ಮಾಡಾಕತ್ತೈತಿ,” ಎಂದರು ಗಂಡ ಯಮನಪ್ಪ.

ನಾನು ನಗಲಿಲ್ಲ. “ಇದಕ್ಕ ನೆಗ್ಲೆಕ್ಟ್ ಅಂತಾರ್ರಿ. ತನಗೊಂದು ಎಡಗೈ ಐತಿ ಅನ್ನೂದನ್ನ ಇವರ ಮೆದುಳ ಮರ್ತೈತಿ. ನಾಳಿಂದ ಬರೂದು ಬ್ಯಾಡ. ಹಗ್ಗದ ಆಸೆ ಬಿಡ್ರಿ.”

ಹೆಡ್‌ಸೆಟ್ಟಿನ ಕೆಳಗಿಂದ ಹನುಮವ್ವನ ಕಣ್ಣೀರು ಇಳಿಯಿತು.

“ಮರ್ತಿಲ್ಲೋ ಎಪ್ಪಾ. ಕೂಸು ಕೈಯೊಡ್ಡಿ ನಿಂತೈತಿ. ಎಡಗೈಲೆ ಹ್ಯಾಂಗ ಹಣ್ಣ ಕೊಡ್ಲಿ? ನೀ ಕೊಡ್ತೀಯೇನು?”

“ಮೊದಲ ಯಾಕ ಹೇಳ್ಲಿಲ್ರಿ?”

“ಓದಿದಾಂವ ಅದೀ. ಗೊತ್ತಿದ್ದ ಹೇಳಾಕತ್ತೀ ಅನ್ಕೊಂಡೆ.”

ಹೆಡ್‌ಸೆಟ್ ಬಿಚ್ಚಿ ನಾನೇ ಕಟ್ಟಿಕೊಂಡೆ. ಅಷ್ಟು ದಿನ ಬೇರೆಯವರ ಕಣ್ಣಿಗೆ ಕಟ್ಟಿದ್ದೆನೇ ಹೊರತು ಆ ಆಟವನ್ನು ಒಳಗಿಂದ ನೋಡಿರಲಿಲ್ಲ. ಗಿಡದ ಕೆಳಗೆ ಎರಡು ಜಡೆಯ ಹುಡುಗಿ ಬೊಗಸೆಯೊಡ್ಡಿ ನಗುತ್ತಿದ್ದಳು. ಚಿಕ್ಕಂದಿನಲ್ಲಿ ಪಕ್ಕದ ಮನೆಯ ಮಗುವಿಗೆ ಎಡಗೈಯಿಂದ ಬೆಲ್ಲ ಕೊಡಹೋದಾಗ ನನ್ನವ್ವ ಮುಂಗೈ ಮೇಲೆ ಬಾರಿಸಿದ್ದಳು. ಮುಖ ತೋರಿಸಲಾಗದೆ, ನೋಡುವುದು ಮುಗಿದ ಮೇಲೂ ಹೆಡ್‌ಸೆಟ್ ತೆಗೆಯದೆ ನಿಂತೆ.

ಕೊನೆಗೆ ಕೇಳಿದೆ, “ಎರಡೂ ಕೈ ಕೂಡ್ಸಿ ಕೊಡ್ತೀರೇನ್ರಿ?”

“ಹಂಗಾದ್ರ ಕೊಡ್ತೀನಿ.”

ಎಡಗೈಗೆ ಕಂಟ್ರೋಲರ್ ಕಟ್ಟಿದೆ. ಬಲಗೈ ಕೆಳಗಿನಿಂದ ಆಸರೆ ಕೊಟ್ಟಿತು. ನಡುಗುತ್ತಾ ಎರಡೂ ಎದ್ದವು.

“ನನಗೂ ಒಂದು ಹಣ್ಣ ಕೊಡಽ,” ಎಂದರು ಯಮನಪ್ಪ.

“ತಡೀ, ನಿನಗ ಎಡಗೈಲೇ ಕೊಡ್ತೀನಿ.”

ಕೆಲವು ತಿಂಗಳ ನಂತರ ಹನುಮವ್ವ ತಾವೇ ಹೊಸೆದ ಹಗ್ಗದ ತುಂಡೊಂದನ್ನು ತಂದರು. ಒಂದು ಎಳೆ ಬಿಗಿ, ಇನ್ನೊಂದು ಸಡಿಲ. ಎರಡೂ ಕೈಯಿಂದ ಕೊಟ್ಟರು. ನಾನು ತಲೆಯೆತ್ತದೆ ತೆಗೆದುಕೊಂಡೆ.

ಈಗ ಯಾವ ಆಟವನ್ನಾದರೂ ಮೊದಲು ನಾನು ಕಟ್ಟಿಕೊಂಡು ನೋಡುತ್ತೇನೆ. ರೋಗಿಯ ಕೈ ಏಳದಿದ್ದರೆ, ಎದುರಿಗೆ ಏನು ಕಾಣುತ್ತಿದೆ ಎಂದು ಅವರನ್ನೇ ಕೇಳುತ್ತೇನೆ. ವೃತ್ತಿ ಕಲಿಸಿದ್ದು ಇಷ್ಟು. ನೆಗ್ಲೆಕ್ಟ್ ಎಂಬ ಶಬ್ದವನ್ನು ಇಂದಿಗೂ ಬಳಸಬೇಕಾಗುತ್ತದೆ. ಹೇಳುವಾಗ ಕಿವಿ ಬಿಸಿಯಾಗುತ್ತದೆ.