ಎಡಗಡೆಯ ಅರ್ಧ ಹಳಿ

ನಿಮ್ಮ ಆಟದ ರೈಲಿನ ಇಂಜಿನ್ನಿನ ದನಿ ಒಂದು ದಿನವೂ ಕೆಟ್ಟಿರಲಿಲ್ಲ. ಕೆಟ್ಟಿದೆ ಎಂದು ನೀವು ನಂಬಿದ್ದು ನನ್ನ ಮಾತಿನ ಮೇಲೆ. ಆ ಮಾತು ಸುಳ್ಳು — ಗೊತ್ತಿದ್ದೇ ಹೇಳಿದ ಸುಳ್ಳು. ಕೆಟ್ಟದ್ದು ನಿಮ್ಮ ಎಡಗಿವಿ ಎಂದು ನಿಮಗಿಂತ ಮೊದಲು ನನಗೆ ತಿಳಿದಿತ್ತು.

ಒಂದೇ ಮನೆಯಲ್ಲಿರುವ ಗಂಡನಿಗೆ ಬರೆದು ತಿಳಿಸುವುದೆಂದರೆ ನನಗೇ ನಗು ಬರುತ್ತದೆ. ಆದರೆ ಈಗ ನಿಮ್ಮ ಬಲಗಿವಿಯೂ ವಯಸ್ಸಿಗೆ ತಕ್ಕ ಹಾಗೆ ಮಂದವಾಗಿದೆ, ಏನು ಹೇಳಬೇಕಾದರೂ ಕೂಗಬೇಕು. ಸಾರಿಗೆ ಉಪ್ಪು ಸಾಕೇ ಎಂದು ಕೂಗಬಹುದು, ಸಿಲಿಂಡರ್ ಬಂತು ಎಂದು ಕೂಗಬಹುದು. ಇದನ್ನು ಕೂಗಿದರೆ ನಿಮಗಿಂತ ಮೊದಲು ಓಣಿಗೆ ಮುಟ್ಟುತ್ತದೆ. ನೀವು ಯಾರದೋ ಬೋರಿನ ಮೋಟಾರು ನೋಡಲು ಗುರುಗುಂಟಾಕ್ಕೆ ಹೋಗಿದ್ದೀರಿ. ಸಂಜೆ ಬರುವುದರೊಳಗೆ ಇದನ್ನು ಮುಗಿಸಬೇಕು. ಯಾಕೆಂದರೆ ನಾಳೆ ಮಸ್ಕಿಯಿಂದ ನನ್ನ ತಮ್ಮ ಬಸವರಾಜ ಬರುತ್ತಾನೆ — ಆ ಇಂಜಿನ್ ಒಯ್ಯಲು. ಅವನ ಕಿರಾಣಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಡುತ್ತಾನಂತೆ, ಚಹಾಪುಡಿಯ ಪಾಕೀಟುಗಳ ನಡುವೆ.

"ಒಯ್ಯಲಿ ಬಿಡು. ನನ್ನ ಕಿವಿ ತಿಂದಿದ್ದು ಅದ ಇಂಜಿನ್" ಎಂದಿರಿ ಮೊನ್ನೆ ಊಟಕ್ಕೆ ಕುಳಿತಾಗ. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತಿತು. ನಿಮಗೆ ಅದು ಕಾಣಿಸಲಿಲ್ಲ.

ಎಲ್ಲಿಂದ ಹೇಳಲಿ...

ರೈಲೇ ಇಲ್ಲದ ಲಿಂಗಸುಗೂರಿನಲ್ಲಿ ರೈಲಿನ ಹುಚ್ಚು ಹಿಡಿದ ಗಂಡ ನನ್ನ ಪಾಲಿಗೆ ಬಂದಿರಿ. ಹಗಲೆಲ್ಲ ಅಂಗಡಿಯಲ್ಲಿ ಸುಟ್ಟ ಮೋಟಾರುಗಳಿಗೆ ತಂತಿ ಸುತ್ತುವುದು, ಮನೆಗೆ ಬಂದರೆ ಮೇಲಿನ ಖೋಲಿ. ಖೋಲಿಯ ತುಂಬ ಪ್ಲೈವುಡ್ಡಿನ ಮೇಜು, ಮೇಜಿನ ಮೇಲೆ ಗುಂಡಗೆ ಹಳಿ, ನಡುವೆ ನೀವು ಕೂರಲು ಕೊರೆದ ಒಂದು ತೂತು. ಆ ಹೊಟ್ಟೆ ಇಟ್ಟುಕೊಂಡು ಮೇಜಿನ ಕೆಳಗೆ ಬಗ್ಗಿ ನುಸುಳಿ, ನಡುವಿನ ಸ್ಟೂಲಿನ ಮೇಲೆ ಏಳುತ್ತಿದ್ದಿರಿ. ಬಾವಿಯಿಂದ ಆಮೆ ತಲೆ ಎತ್ತಿದ ಹಾಗೆ ಎಂದು ನಾನು ಛೇಡಿಸಿದರೆ ಸಿಟ್ಟಾಗುತ್ತಿದ್ದಿರಿ. ಡೀಸೆಲ್ ಇಂಜಿನ್ನಿನ ಹಾಗೆಯೇ ಗುಡುಗುಡು ಎನ್ನುವ, ಹಾರ್ನ್ ಹೊಡೆಯುವ ಆ ಗೇಣುದ್ದದ ಇಂಜಿನ್ ಬಂದ ದಿನ ನೀವು ಊಟ ಮರೆತಿರಿ. ನನ್ನನ್ನು ಮಾತ್ರ ಆ ಖೋಲಿಗೆ ಯಾವತ್ತೂ ಕರೆಯುತ್ತಿರಲಿಲ್ಲ. ಧೂಳು ಹೊಡೆಯಲೂ ಬಿಡುತ್ತಿರಲಿಲ್ಲ.

ನಿಮ್ಮ ಕಿವಿಯ ವಿಷಯ ಆರಂಭವಾದದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ. ಗಾಡಿಯ ಮೇಲೆ ಗುರುಗುಂಟಾದಿಂದ ಬಂದವರು, "ಎಡಗಿವ್ಯಾಗ ಗಾಳಿ ತುಂಬಿದಂಗ ಆಗೈತಿ" ಎಂದಿರಿ. ಬೆಳ್ಳುಳ್ಳಿ ಹಾಕಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟೆ. ಮರುದಿನ ನೀವು ಅದನ್ನು ಮರೆತಿರಿ. ಮರೆಯುವುದೂ ಸುಲಭವಿತ್ತು — ಫೋನು ಹಿಡಿಯುವುದು ಬಲಗಿವಿಗೆ, ಸಪ್ಪಳ ಕೇಳಲು ಮೋಟಾರಿನ ಬೇರಿಂಗಿಗೆ ಸ್ಕ್ರೂಡ್ರೈವರ್ ಆನಿಸಿ ಅದರ ಹಿಡಿಯನ್ನು ಹಚ್ಚುವುದೂ ಬಲಗಿವಿಗೆ. ಎಡಗಿವಿಗೆ ನಿಮ್ಮಲ್ಲಿ ಕೆಲಸವೇ ಇರಲಿಲ್ಲ. ನಾನು ಮರೆಯಲಿಲ್ಲ. ಹಾಸಿಗೆಯಲ್ಲಿ ನಿಮ್ಮ ಎಡಕ್ಕೆ ಮಲಗುವವಳು ನಾನು. ನನ್ನ ಮಾತಿಗೆ ನೀವು ಹೂಂಗುಟ್ಟುವುದು ನಿಂತಿತ್ತು.

ಎರಡು ಮೂರು ದಿನ ಕಳೆದ ಮೇಲೆ ಮೇಲಿನಿಂದ ಕರೆದಿರಿ.

"ಗಿರಿಜಾ, ಒಂದೀಟು ಮ್ಯಾಲ ಬಾ. ನಿನ್ನ ಕಿವಿ ಚುರುಕ ಅದಾವು."

ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತೆ. ನೀವು ಕಿಟಕಿಯ ಕಡೆ ಮುಖ ಮಾಡಿ ನಡುವೆ ಕುಳಿತಿದ್ದಿರಿ; ಕಂಟ್ರೋಲಿನ ಡಬ್ಬಿಯನ್ನು ಅಲ್ಲಿಯೇ ಸ್ಕ್ರೂ ಹಾಕಿ ಕೂರಿಸಿದ್ದರಿಂದ ಯಾವಾಗಲೂ ಹಾಗೆಯೇ ಕೂರುತ್ತಿದ್ದಿರಿ. ಇಂಜಿನ್ ನಿಮ್ಮ ಸುತ್ತ ತಿರುಗುತ್ತಿತ್ತು. ಬಲಗಡೆ, ಬಾಗಿಲ ಬಳಿ, ಗುಡುಗುಡು. ಎಡಗಡೆ, ಗೋಡೆಯ ಬಳಿ — ಅಲ್ಲಿಯೂ ಅದೇ ಗುಡುಗುಡು.

"ನೋಡು, ಗ್ವಾಡಿ ಕಡೆ ಹೋದಕೂಡ್ಲೇ ದನಿ ಇಳಿದಬಿಡ್ತೈತಿ. ಆ ಅರ್ಧ ಹಳಿಗೆ ಕರೆಂಟ್ ಸರಿ ಮುಟ್ಟವಲ್ದು ಅನಸ್ತೈತಿ. ನಿನಗೂ ಹಂಗ ಕೇಳಸತೈತೇನು?"

ಇಂಜಿನ್ ಇನ್ನೊಂದು ಸುತ್ತು ಬಂತು. ಒಂದಿಷ್ಟೂ ಏರಿಳಿತವಿರಲಿಲ್ಲ. ಆಗಲೇ ನನಗೆ ಎಲ್ಲ ತಿಳಿಯಿತು — ಎಣ್ಣೆ ಬಿಟ್ಟದ್ದು, ಹೂಂಗುಟ್ಟದೆ ಇದ್ದದ್ದು, ಎಲ್ಲ. ನೀವು ಕತ್ತು ಹೊರಳಿಸಿ ನನ್ನನ್ನು ನೋಡಿದಿರಿ. ಆ ನೋಟದಲ್ಲಿ ಒಂದು ಹೆದರಿಕೆ ಇತ್ತು. ಅದನ್ನು ನಾನು ಗುರುತು ಹಿಡಿಯಬಲ್ಲೆ. ಮಾವನವರು ಕೊನೆಗಾಲದಲ್ಲಿ ಪೂರ್ತಿ ಕಿವುಡರಾದಾಗ ಮನೆಮಂದಿಯೆಲ್ಲ ಅವರ ಬೆನ್ನ ಹಿಂದೆ ಆಡಿಕೊಂಡದ್ದು, ಎಲ್ಲರಿಗಿಂತ ಹೆಚ್ಚು ಆಡಿಕೊಂಡವರು ನೀವೇ ಆದದ್ದು, ಅವರು ಹೋದ ಮೇಲೆ ಅದಕ್ಕಾಗಿ ಅತ್ತದ್ದು — ನಾನು ಕಂಡಿದ್ದೇನೆ. "ನನಗೇನರ ಆಗಲಿ, ಕಿವಿ ಮಾತ್ರ ಹೋಗಬಾರದು ನೋಡು" ಎಂದು ಎಷ್ಟು ಸಲ ಅಂದಿದ್ದಿರಿ.

"ಹೂಂ" ಎಂದೆ. "ನನಗೂ ಅಲ್ಲೇ ಇಳದಂಗ ಕೇಳಸತೈತಿ."

ನಿಮ್ಮ ಮುಖ ಅರಳಿತು. ಅಷ್ಟು ಹಗುರಾದ ಮುಖವನ್ನು ನಾನು ಬಹಳ ದಿನ ನೋಡಿರಲಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನನ್ನದು ಕರುಣೆಯಿಂದ ಹೇಳಿದ ಸುಳ್ಳು ಅನ್ನಿಸಬಹುದು. ಮರುದಿನ ಏನಾದರೂ ನೆಪ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದಿತ್ತು. ಹೋಗಲಿಲ್ಲ. ಯಾಕೆ ಎಂದರೆ — ಹೇಳಲು ನಾಚಿಕೆ — ಮರುದಿನ ನೀವು ಮತ್ತೆ ನನ್ನನ್ನು ಮೇಲೆ ಕರೆದಿರಿ.

ಆಮೇಲೆ ದಿನವೂ ಕರೆದಿರಿ. ಸ್ಪಿರಿಟ್ಟಿನ ಬಟ್ಟೆಯಿಂದ ಎಡಗಡೆಯ ಹಳಿ ಒರೆಸಿದಿರಿ. ಇಂಜಿನ್ನನ್ನು ಅಂಗಾತ ಮಲಗಿಸಿ ಗಾಲಿಗಳಿಗೆ ಹತ್ತಿದ ಮಸಿ ತೆಗೆದಿರಿ. ಹತ್ತಿ ಸುತ್ತಿದ ಕಡ್ಡಿ ಮಾಡಿಕೊಟ್ಟವಳು ನಾನು. ಹಳಿಗೆ ಹಳಿ ಕೂಡುವಲ್ಲಿ ಸಡಿಲವಿರಬೇಕೆಂದು ಒಂದೊಂದೇ ಜೋಡು ಬಿಗಿ ಮಾಡಿದಿರಿ, ಮೇಜಿನ ಕೆಳಗೆ ಮಲಗಿ ಹೊಸ ತಂತಿ ಬೆಸೆದಿರಿ. ಟಾರ್ಚು ಹಿಡಿದವಳು ನಾನು. ಇಂಜಿನ್ನಿನ ಮೇಲಿನ ಕವಚ ಬಿಚ್ಚಿ ಅಂಗಿಯ ಗುಂಡಿಯಷ್ಟಿದ್ದ ಸ್ಪೀಕರನ್ನು ನನ್ನ ಅಂಗೈಯಲ್ಲಿಟ್ಟು ತೋರಿಸಿದಿರಿ. "ಇಷ್ಟ ಇದ್ರೂ ಎಷ್ಟು ಒದರತೈತಿ ನೋಡು, ನಿನ್ನಂಗ" ಎಂದಿರಿ. ನಾನು ನಕ್ಕೆ. ಹಳೆಯ ಮೊಬೈಲಿನ ಸ್ಪೀಕರ್ ಕಿತ್ತು ಅದರೊಳಗೆ ಕೂರಿಸಿದಿರಿ. ಪ್ರತಿ ರಿಪೇರಿ ಮುಗಿದಾಗಲೂ ಅದೇ ಪ್ರಶ್ನೆ.

"ಗಿರಿಜಾ, ಈಗ?"

ಈಗ ಕೇಳಿ — ಅದು ಎಲ್ಲಿ ಇಳಿಯುತ್ತಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನನಗೆ ಎಲ್ಲ ಕಡೆಯೂ ಒಂದೇ ಸಮ ಕೇಳುತ್ತಿತ್ತು. ನಿಮ್ಮ ಮುಖ ನೋಡಿ ಹೇಳುತ್ತಿದ್ದೆ. ಹುಬ್ಬು ಗಂಟಿಕ್ಕಿದಲ್ಲಿ "ಇಳೀತು", ಹುಬ್ಬು ಸಡಿಲಾದಲ್ಲಿ "ಬಂತು". ನಿಮ್ಮ ಮುಖವನ್ನು ಅಷ್ಟು ಹೊತ್ತು, ಅಷ್ಟು ಹತ್ತಿರದಿಂದ ನಾನು ಮದುವೆಯಾದ ಹೊಸತರಲ್ಲಿಯೂ ನೋಡಿರಲಿಲ್ಲ. ಅಡುಗೆ ಬೇಗ ಮುಗಿಸಿ, ಸೀರೆಯ ಸೆರಗಿಗೆ ಕೈ ಒರೆಸಿ, ನೀವು ಕರೆಯುವುದನ್ನೇ ಕಾಯುತ್ತಿದ್ದೆ. ಸುಖವಾಗಿದ್ದೆ ನಾನು. ನಿಮ್ಮ ಕಿವಿ ಒಳಗೊಳಗೇ ಸಾಯುತ್ತಿತ್ತು, ನಾನು ಸುಖವಾಗಿದ್ದೆ.

ಒಮ್ಮೆ ಸಿಕ್ಕಿಬೀಳುವುದರಲ್ಲಿದ್ದೆ. ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದೆ. ತೆಗೆದುಕೊಳ್ಳಲು ನೀವು ಸ್ಟೂಲಿನ ಮೇಲೇ ನನ್ನ ಕಡೆ ತಿರುಗಿದಿರಿ. ಇಂಜಿನ್ ಓಡುತ್ತಲೇ ಇತ್ತು.

"ಅರೆ, ಈಗ ಕಿಡಕಿ ಕಡೆ ಇಳೀತಲ್ಲ" ಎಂದಿರಿ, ಲೋಟ ಕೈಯಲ್ಲೇ ಹಿಡಿದು.

ಇನ್ನೊಂದು ಗಳಿಗೆ ಯೋಚಿಸಿದ್ದರೆ ನಿಮಗೆ ಹೊಳೆಯುತ್ತಿತ್ತು — ನೀವು ತಿರುಗಿದ ಹಾಗೆ ದೋಷವೂ ತಿರುಗಿತ್ತು. ಆ ಒಂದು ಗಳಿಗೆಯನ್ನೂ ನಾನು ನಿಮಗೆ ಕೊಡಲಿಲ್ಲ. "ಕಿಡಕಿ ಕಡೆ ನಿನ್ನೆ ನೀವ ಎಣ್ಣಿ ಚೆಲ್ಲೀರಲ್ಲ, ಅದಕ್ಕ ಇರಬೇಕು" ಎಂದುಬಿಟ್ಟೆ. ಲೋಟ ಬದಿಗಿಟ್ಟು ಕಿಟಕಿಯ ಕಡೆಯ ಹಳಿ ಒರೆಸಲು ಕುಳಿತಿರಿ. ಚಹಾ ಆರಿತು. ಅವತ್ತು ಕೂಡ ನಾನು ಬಾಯಿ ಬಿಡಲಿಲ್ಲ.

ಹೀಗೆಯೇ ತಿಂಗಳು ದಾಟಿತು. ನೀವು ದನಿಯನ್ನು ಪೂರ್ತಿ ಏರಿಸಿ, ಎಡಗಡೆಯ ಹಳಿಯ ಮೇಲೆ ತಲೆ ಬಾಗಿಸಿ ಕೂರತೊಡಗಿದ್ದಿರಿ.

ಆ ಹೊತ್ತಿಗೆ ಸಿಂಧನೂರಿಗೆ ರೈಲು ಬರತೊಡಗಿತ್ತು. ನೋಡಿ ಬರೋಣ ಎಂದಿರಿ. ಮಸ್ಕಿಯ ಮೇಲೆ ಹಾಯುವ ಬಸ್ಸಿನಲ್ಲಿ ಹೋದೆವು. ತವರೂರಿನಲ್ಲಿ ಇಳಿಯದೆ ಮುಂದೆ ಹೋದದ್ದು ಅದೇ ಮೊದಲು. ನಿಂತಿದ್ದ ಇಂಜಿನ್ನಿನ ಎದುರು ನೀವು ಶಾಲೆಯ ಹುಡುಗನ ಹಾಗೆ ಕೈಕಟ್ಟಿ ನಿಂತಿರಿ. ಹೊರಗೆ ಬಂದು ರಸ್ತೆ ದಾಟುವಾಗ ಎಡಗಡೆಯಿಂದ ಆಟೊ ಹಾರ್ನ್ ಹೊಡೆಯಿತು. ನಿಮಗೆ ಅದು ಬಲಗಡೆಯಿಂದ ಬಂದಂತೆ ಕೇಳಿಸಿತು. ತಪ್ಪಿಸಿಕೊಳ್ಳಲು ಎಡಕ್ಕೆ ಸರಿದಿರಿ — ನೇರ ಆಟೊದ ಮುಂದಕ್ಕೆ. ಅಂಗಿ ಹಿಡಿದು ಎಳೆದೆ. ಇಬ್ಬರೂ ಬಿದ್ದೆವು.

"ಅಜ್ಜಾ, ಕಿವಿ ಕೆಪ್ಪ ಏನು?" ಎಂದು ಒದರಿ ಆಟೊದವನು ಹೋದ.

ನೀವು ರಸ್ತೆಯಲ್ಲಿ ಕುಳಿತೇ ಒಂದು ಕೈಯಿಂದ ಬಲಗಿವಿ ಮುಚ್ಚಿಕೊಂಡಿರಿ. ಹಾಗೆಯೇ ನನ್ನ ಬಾಯಿ ನೋಡುತ್ತ ಕುಳಿತಿರಿ. "ಏನರ ಮಾತಾಡು" ಎಂದಿರಿ. ನಾನು ಮಾತಾಡುತ್ತಲೇ ಇದ್ದೆ.

ಅಂದೇ ಸಿಂಧನೂರಿನಲ್ಲಿ ಕಿವಿಯ ಡಾಕ್ಟರಿಗೆ ತೋರಿಸಿದೆವು. ಯಾವಾಗಿನಿಂದ ಹೀಗೆ ಎಂದು ಕೇಳಿದರು. "ಇವತ್ತ ಗೊತ್ತಾತ್ರಿ" ಎಂದಿರಿ ನೀವು, ಪ್ರಾಮಾಣಿಕವಾಗಿ. ಇಂಜಿನ್ನಿನ ಕತೆಯನ್ನೂ ಹೇಳಿದಿರಿ. "ಅದರ ದನಿ ಕೆಟ್ಟಿತ್ರಿ. ರಿಪೇರಿ ಮಾಡಾಕ ದಿನಾ ಕಿವಿ ಹಚ್ಚಿ ಕುಂದರತಿದ್ದೆ. ನಮ್ಮ ಮನಿಯಾಕಿಗೂ ಸರಿ ಕೇಳಸತಿರಲಿಲ್ಲ, ಬೇಕಾದ್ರ ಕೇಳ್ರಿ."

ಡಾಕ್ಟರು ನನ್ನ ಕಡೆ ತಿರುಗಿದರು. ಮೊದಲನೆಯ ಸುಳ್ಳನ್ನು ದೇವರು ಬೇಕಾದರೆ ಕ್ಷಮಿಸಲಿ, ಇದನ್ನು ಕ್ಷಮಿಸುವುದು ಬೇಡ.

"ಹೌದ್ರಿ" ಎಂದೆ.

ಕೆಟ್ಟಿದ್ದದ್ದು ಇಂಜಿನ್ನೇ, ಕಿವಿ ಹೋದದ್ದು ಈಗೀಗ ಎಂದುಕೊಂಡ ಡಾಕ್ಟರಿಗೆ ಸಮಾಧಾನವಾಯಿತು. ಹೀಗೆ ಒಮ್ಮೆಲೇ ಹೋದ ಕಿವಿಗೆ ಮೊದಲ ಒಂದೆರಡು ವಾರದೊಳಗೆ ಔಷಧ ಬಿದ್ದರೆ ಮರಳಿ ಬರುವ ಆಸೆ ಇರುತ್ತದೆ, ಬೇಗ ಬಂದಿದ್ದೀರಿ, ಒಳ್ಳೆಯದಾಯಿತು ಎಂದರು. ನೀವು ನನ್ನ ಕಡೆ ನೋಡಿ ನಕ್ಕಿರಿ. ಗುಳಿಗೆಗಳನ್ನು ಒಂದೂ ತಪ್ಪಿಸದೆ ನುಂಗಿದಿರಿ. ಕಿವಿ ಬರಲಿಲ್ಲ. ಇಷ್ಟು ಬೇಗ ಬಂದರೂ ಯಾಕೆ ಹತ್ತಲಿಲ್ಲವೋ ಎಂದು ಡಾಕ್ಟರು ತಲೆ ಕೆಡಿಸಿಕೊಂಡರು. ಜೋರು ದನಿಗೆ ಕಿವಿ ಕೊಟ್ಟಿದ್ದೂ ಕಾರಣ ಇರಬಹುದು ಎಂದರು ಕೊನೆಗೆ. ಆ ಮಾತನ್ನು ನೀವು ಗಟ್ಟಿಯಾಗಿ ಹಿಡಿದುಕೊಂಡಿರಿ. ಮನೆಗೆ ಬಂದು ಇಂಜಿನ್ನನ್ನು ಹಳೆಯ ಧೋತರದಲ್ಲಿ ಸುತ್ತಿ ಟ್ರಂಕಿಗೆ ಹಾಕಿದಿರಿ. ಮೇಲಿನ ಖೋಲಿಗೆ ಬೀಗ ಬಿತ್ತು. ಎರಡು ವರ್ಷವಾಗುತ್ತ ಬಂತು.

ಮೋಟಾರಿನ ಸಪ್ಪಳ ಕೇಳಿಯೇ ಯಾವ ಬೇರಿಂಗ್ ಹೋಗಿದೆ ಎಂದು ಹೇಳುವವರು ನೀವು. ಇಂಜಿನ್ ಕೆಟ್ಟಿರಲಿಲ್ಲ, ಮೊದಲಿನಿಂದಲೂ ಕಿವಿಯೇ ಎಂದು ನಿಮಗೆ ಯಾಕೆ ಹೊಳೆಯಲಿಲ್ಲ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ಗೊತ್ತಿದೆ. ಹೊಳೆಯುವ ದಾರಿಗೆ ನನ್ನ ಮಾತು ಅಡ್ಡ ನಿಂತಿತ್ತು. ಗಿರಿಜಾಗೂ ಕೇಳಲಿಲ್ಲವಲ್ಲ — ಅಷ್ಟೇ ಸಾಕಾಯಿತು ನಿಮಗೆ. ನಿಮ್ಮ ಕಿವಿಗಿಂತ ನನ್ನ ಕಿವಿಯನ್ನು ಹೆಚ್ಚು ನಂಬಿದಿರಿ.

ಮೊದಲ ವಾರದಲ್ಲಿಯೇ ಕರೆದೊಯ್ದಿದ್ದರೆ ಕಿವಿ ಉಳಿಯುತ್ತಿತ್ತೇ? ಗೊತ್ತಿಲ್ಲ. ಉಳಿಯುತ್ತಿರಲಿಲ್ಲ ಎಂದುಕೊಂಡರೆ ನನಗೆ ನಿದ್ದೆ ಬರುತ್ತದೆ, ಅದಕ್ಕೇ ಹಾಗೆ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ. ಆಸೆ ಇತ್ತು. ಆ ಆಸೆಯ ದಿನಗಳನ್ನು ನಾನು ನಿಮ್ಮ ಹತ್ತಿರ ಕೂತು ಕಳೆದೆ, ನಿಮಗೆ ಹೇಳದೆ. ನಿಮ್ಮ ಕಿವಿ ಹೋದದ್ದಕ್ಕೆ ಆ ಇಂಜಿನ್ ಕಾರಣವಲ್ಲ. ಕಿವಿ ಕೆಟ್ಟಿದೆ ಎಂದು ಅದು ತಂದ ದೂರನ್ನು ನಾನು ಮುಚ್ಚಿಟ್ಟೆ.

ಇವತ್ತು ನೀವು ಹೋದ ಮೇಲೆ ಬೀಗ ತೆಗೆದೆ. ಧೋತರ ಬಿಚ್ಚಿ, ನೀವು ಕಲಿಸಿದ ಹಾಗೆಯೇ ಗಾಲಿ ಒರೆಸಿದೆ, ಹಳಿ ಒರೆಸಿದೆ. ಮೇಜಿನ ಕೆಳಗೆ ನುಸುಳಿ ನಡುವೆ ನಿಂತೆ. ಮೊಣಕಾಲು ಇನ್ನೂ ನೋಯುತ್ತಿದೆ. ಇಂಜಿನ್ ಓಡಿತು. ಗೋಡೆಯ ಕಡೆ, ಕಿಟಕಿಯ ಕಡೆ, ಬಾಗಿಲ ಕಡೆ — ಎಲ್ಲ ಕಡೆಯೂ ಒಂದೇ ಸಮ ಗುಡುಗುಡು. ನಾನು ಅಲ್ಲಿಯೇ ನಿಂತು ಬಹಳ ಹೊತ್ತು ಅತ್ತೆ.

ಆಮೇಲೆ ಕಂಟ್ರೋಲಿನ ಡಬ್ಬಿಯ ಸ್ಕ್ರೂ ಬಿಚ್ಚಿ, ಮೇಜಿನ ಹೊರಗಿನ ಅಂಚಿಗೆ ತಂದು ಕೂರಿಸಿದ್ದೇನೆ. ಸ್ವಲ್ಪ ಸೊಟ್ಟಗಿದೆ. ನಿಮ್ಮ ಸ್ಟೂಲನ್ನೂ ಹೊರಗೆ ತಂದು, ಮೇಜು ಬಲಗಡೆ ಬರುವಂತೆ ಇಟ್ಟಿದ್ದೇನೆ. ಅಲ್ಲಿ ಕುಳಿತರೆ ಇಡೀ ಸುತ್ತು ನಿಮ್ಮ ಬಲಗಿವಿಗೇ ಬೀಳುತ್ತದೆ. ಇದನ್ನು ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು. ಬಸವರಾಜನಿಗೆ ಬರಬೇಡ ಎಂದು ಫೋನು ಮಾಡಿಲ್ಲ. ಇಂಜಿನ್ ನಿಮ್ಮದು, ಇದನ್ನು ಓದಿದ ಮೇಲೂ ಕೊಡಬೇಕೆಂದರೆ ಕೊಡಿ.

ಈ ಹಾಳೆಗಳನ್ನು ಸ್ಟೂಲಿನ ಮೇಲೆ ಇಡುತ್ತೇನೆ. ನಾನು ಕೆಳಗೆ ಅಡುಗೆಮನೆಯಲ್ಲಿ ಇರುತ್ತೇನೆ. ನೀವು ಮೇಲಿನಿಂದ "ಗಿರಿಜಾ, ಈಗ?" ಎಂದು ಕೇಳಿದರೆ ಬರುತ್ತೇನೆ. ಬಂದು ನಿಮ್ಮ ಎಡಗಡೆಗೆ ನಿಲ್ಲುತ್ತೇನೆ. ಆ ಕಡೆಯಿಂದ ಏನು ಕೇಳಿದರೂ, ಏನು ಕೇಳದಿದ್ದರೂ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನೀವು ಕರೆಯದಿದ್ದರೆ ಯಾಕೆ ಎಂದು ಕೇಳುವುದಿಲ್ಲ.