ಪುಕ್ಕಲಕ್ಕ ಬದಲಿಸಿದ ಟಿಕೆಟ್

ನಮ್ಮ ಆಫೀಸಿನಲ್ಲಿ ಅವಳನ್ನು ಎಲ್ಲರೂ ಪುಕ್ಕಲಕ್ಕ ಎಂದೇ ಕರೆಯುವುದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವಳೂ "ಹ್ಞಾಂ, ಏನು?" ಎಂದು ತಿರುಗುತ್ತಾಳೆ. ಹದಿನೇಳು ವರ್ಷದಿಂದ ಅವಳ ಪಕ್ಕದ ಮೇಜು ನನ್ನದು. ಇಷ್ಟು ವರ್ಷಗಳಲ್ಲಿ ಅವಳು ಹೆದರದೆ ಕಳೆದ ಒಂದೇ ಒಂದು ದಿನ ಯಾರಾದರೂ ತೋರಿಸಲಿ, ನನ್ನ ಕುರ್ಚಿ ಬಿಟ್ಟುಕೊಡುತ್ತೇನೆ. ಲಿಫ್ಟ್ ಎಂದರೆ ಹೆದರಿಕೆ, ಅದಕ್ಕೇ ನಾಲ್ಕು ಮಹಡಿ ಏದುಸಿರು ಬಿಡುತ್ತ ಹತ್ತಿ ಬರುತ್ತಾಳೆ. ಬಾಗಿಲಿಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ವಾಪಸು ಓಡುತ್ತಾಳೆ. ಮ್ಯಾನೇಜರ್ ಒಳಗೆ ಕೆಮ್ಮಿದರೆ ಸಾಕು, ಇಲ್ಲಿ ಇವಳ ಕೈಯಲ್ಲಿದ್ದ ಪೆನ್ನು ನೆಲಕ್ಕೆ ಬಿದ್ದಿರುತ್ತದೆ. ನನಗೆ ಎಷ್ಟೋ ಸಲ ರೇಗಿ ಹೋಗಿದೆ.

ಆದರೆ ನಾನು ಸುಳ್ಳು ಹೇಳಬಾರದು. ಕಡಿಮೆ ದರದ ಟಿಕೆಟ್ ಹುಡುಕುವುದರಲ್ಲಿ ಅವಳನ್ನು ಮೀರಿಸುವವರು ಇನ್ನೊಬ್ಬರಿಲ್ಲ. ನಮ್ಮದು ವಿಹಾರದ ಹಡಗುಗಳ ಟಿಕೆಟ್ ಮಾಡಿಕೊಡುವ ಆಫೀಸು. ಹೊರಗಿನವರಿಗೆ ಗೊತ್ತಿರುವುದಿಲ್ಲ, ಒಂದೇ ಹಡಗು, ಒಂದೇ ಕ್ಯಾಬಿನ್, ಆದರೆ ಅದಕ್ಕೆ ಹತ್ತು ಹದಿನೈದು ಬಗೆಯ ದರ. ವಯಸ್ಸಾದವರದೊಂದು, ಬಂದರಿನ ಸುತ್ತಮುತ್ತ ಮನೆ ಇರುವವರದೊಂದು, ಸೈನ್ಯದಲ್ಲಿದ್ದವರದು, ಬೆಂಕಿ ಆರಿಸುವವರದು, ಪಾಠ ಹೇಳುವವರದು, ಹಿಂದೊಮ್ಮೆ ಅದೇ ಹಡಗಿನಲ್ಲಿ ಹೋಗಿ ಬಂದವರದು, ಯಾವ ಕ್ಯಾಬಿನ್ ಕೊಟ್ಟರೂ ಸರಿ ಎಂದು ಬಾಯಿ ಮುಚ್ಚಿಕೊಂಡು ಹೋಗುವವರದು. ಪ್ರತಿಯೊಂದಕ್ಕೂ ಕೆಳಗೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಷರತ್ತು. ನಮಗೆಲ್ಲ ಅದನ್ನು ಓದಲು ತಾಳ್ಮೆ ಎಲ್ಲಿ? ಪುಕ್ಕಲಕ್ಕ ಮಾತ್ರ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಡೆಯ ಸಾಲಿನವರೆಗೂ ಓದುತ್ತಾಳೆ. ಅದು ಬುದ್ಧಿವಂತಿಕೆಯಲ್ಲ, ಹೆದರಿಕೆ. ಬಂದರಿನಲ್ಲಿ ಯಾರೋ ದಾಖಲೆ ಕೇಳಿ, ಗಿರಾಕಿಯನ್ನು ವಾಪಸು ಕಳಿಸಿಬಿಟ್ಟರೆ ಎಂಬ ಹೆದರಿಕೆ.

ಗಿರಾಕಿ ಬಂದು ಕುಳಿತರೆ ಇವಳ ಪ್ರಶ್ನೆಗಳು ಶುರು. ನಿಮ್ಮ ಮಾವ ಏನು ಕೆಲಸದಲ್ಲಿದ್ದರು? ನಿಮ್ಮ ಯಜಮಾನರ ವಯಸ್ಸೆಷ್ಟು? ಮನೆ ಯಾವ ರಸ್ತೆಯಲ್ಲಿ? ಒಮ್ಮೆ ಒಬ್ಬ ಹೆಂಗಸು ಸಿಟ್ಟಾಗಿ, "ಏನ್ರೀ, ಟಿಕೆಟ್ ಕೊಡ್ತೀರೋ ಸಂಬಂಧ ಕುದುರಿಸ್ತೀರೋ?" ಎಂದಿದ್ದರು. ಹತ್ತು ನಿಮಿಷ ಕಳೆದ ಮೇಲೆ ಅದೇ ಹೆಂಗಸು, ತನ್ನ ಗಂಡ ಮೂವತ್ತು ವರ್ಷದ ಹಿಂದೆ ಪಾಠ ಹೇಳುತ್ತಿದ್ದ ಕಾರಣಕ್ಕೆ ಸಿಕ್ಕಿದ ದರ ನೋಡಿ, ಇವಳ ಎರಡೂ ಕೈ ಹಿಡಿದುಕೊಂಡು ಹೋದರು.

ಅಷ್ಟಕ್ಕೇ ಅವಳ ಕೆಲಸ ಮುಗಿಯುವುದಿಲ್ಲ. ಟಿಕೆಟ್ ಮಾಡಿದ ಮೇಲೂ ಪ್ರತಿ ಸೋಮವಾರ ತನ್ನ ಗಿರಾಕಿಗಳ ಹಡಗುಗಳನ್ನೆಲ್ಲ ಮತ್ತೆ ತೆಗೆದು ನೋಡುತ್ತಾಳೆ. ಹೊಸದಾಗಿ ಕಡಿಮೆ ದರ ಬಂದಿದ್ದರೆ ಹಳೆಯ ಟಿಕೆಟ್ ರದ್ದು ಮಾಡಿ ಹೊಸದರಲ್ಲಿ ಕೂರಿಸುತ್ತಾಳೆ. ಅದಕ್ಕೆ ನಾವು ಬದಲಿಸುವುದು ಎನ್ನುತ್ತೇವೆ. ಅದರಲ್ಲಿ ಒಂದು ಅಪಾಯವಿದೆ. ಟಿಕೆಟ್ ನಂಬರು ಹೊಸದಾಗುತ್ತದೆ, ಹಳೆಯ ನಂಬರಿಗೆ ಅಂಟಿಸಿದ್ದ ಕೋರಿಕೆಗಳು ಹಿಂದೆಯೇ ಉಳಿದುಬಿಡುತ್ತವೆ. ಗಾಲಿಕುರ್ಚಿ ಬೇಕು, ಔಷಧಿಗೆ ಫ್ರಿಜ್ ಬೇಕು ಎಂಬಂಥವನ್ನೆಲ್ಲ ಕೈಯಾರೆ ಹೊಸದಕ್ಕೆ ಬರೆಯಬೇಕು. ಪುಕ್ಕಲಕ್ಕ ಇದನ್ನು ಒಂದು ಚೀಟಿಯಲ್ಲಿ ಮೊದಲು ಬರೆದುಕೊಂಡು, ನನಗೂ ತೋರಿಸಿ, ಆಮೇಲೇ ಹಳೆಯದನ್ನು ರದ್ದು ಮಾಡುತ್ತಿದ್ದಳು. ಒಂದು ದಿನವೂ ತಪ್ಪಿದವಳಲ್ಲ.

ಅವಳಿಗೊಬ್ಬ ಅಣ್ಣ. ಪೀಠೋಪಕರಣಗಳಿಗೆ ಪಾಲಿಶ್ ಹಾಕುವ ಕೆಲಸ ಮಾಡುತ್ತಿದ್ದವನು. ಅಪ್ಪ ಹೋದಾಗ ಇವನಿಗೆ ಹದಿನಾರು, ಅವಳಿಗೆ ಆರು. ಕಿಟಕಿಯಿಲ್ಲದ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷ ವಾರ್ನಿಶಿನ ಗಾಳಿ ಕುಡಿದು ತಂಗಿಯನ್ನು ಓದಿಸಿ ದಡ ಸೇರಿಸಿದ. ಶ್ವಾಸಕೋಶ ಕೈಕೊಟ್ಟಿತು. ಹಗಲಿನಲ್ಲಿ ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಯಂತ್ರವೊಂದು ಸಾಕು. ಮಲಗಿದಾಗ ಅದು ಸಾಲದು, ದೊಡ್ಡ ಆಕ್ಸಿಜನ್ ಯಂತ್ರ ಪಕ್ಕದಲ್ಲಿ ಓಡುತ್ತಿರಲೇಬೇಕು. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಅದಿಲ್ಲದೆ ನಿದ್ದೆ ಮಾಡಿದರೆ ಬೆಳಿಗ್ಗೆ ಏಳುವ ಭರವಸೆ ಇಲ್ಲ ಎಂದು.

ಅತ್ತಿಗೆಗೆ ಒಂದು ಸಲ ಹಡಗು ಹತ್ತುವ ಆಸೆ. ನಾಲ್ಕು ರಾತ್ರಿಯ ಪಯಣಕ್ಕೆ ಪುಕ್ಕಲಕ್ಕ ಆರು ತಿಂಗಳು ಮೊದಲೇ ಟಿಕೆಟ್ ಮಾಡಿದಳು, ದೊಡ್ಡ ಯಂತ್ರವನ್ನು ಬಾಡಿಗೆಯವರಿಂದ ನೇರ ಕ್ಯಾಬಿನ್‌ಗೆ ತಲುಪಿಸುವ ಕೋರಿಕೆಯನ್ನೂ ಅಂಟಿಸಿದಳು. ಸಿಕ್ಕಿದ್ದು ಒಳಗಿನ ಕ್ಯಾಬಿನ್, ನಾಲ್ಕೂ ಕಡೆ ಗೋಡೆ. ಹೊರಡಲು ಎರಡು ವಾರ ಇರುವಾಗ ಒಂದು ಸೋಮವಾರ ಅರವತ್ತು ದಾಟಿದವರಿಗೆ ಹೊಸ ದರ ಬಂತು. ಅಷ್ಟೇ ದುಡ್ಡಿಗೆ ಕಿಟಕಿ ಇರುವ ಕ್ಯಾಬಿನ್! "ಜೀವಮಾನವೆಲ್ಲ ಕಿಟಕಿ ಇಲ್ಲದ ಕಡೆ ಕೂತೋನು, ನಾಲ್ಕು ದಿನ ಸಮುದ್ರ ನೋಡ್ಲಿ" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ನೋಡಿರಲಿಲ್ಲ.

ಕೆಲಸದ ಹೊತ್ತಿನಲ್ಲಿ ಮನೆಯವರ ಟಿಕೆಟ್ ಮುಟ್ಟಬಾರದು ಎಂಬುದು ನಮ್ಮ ಆಫೀಸಿನ ನಿಯಮ. ಮ್ಯಾನೇಜರ್ ಊಟಕ್ಕೆ ಹೋದದ್ದೇ ತಡ, ಅವಳು ಬಾಗಿಲ ಕಡೆ ಒಂದು ಕಣ್ಣು, ಪರದೆಯ ಕಡೆ ಒಂದು ಕಣ್ಣು ಇಟ್ಟುಕೊಂಡು ಟಕಟಕ ಎಂದು ಬದಲಿಸಿದಳು. ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ತಟ್ಟನೆ ಪರದೆ ಮುಚ್ಚಿದಳು. ಆ ದಿನ ಚೀಟಿ ಬರೆಯಲಿಲ್ಲ, ನನಗೆ ತೋರಿಸಲೂ ಇಲ್ಲ. ನಾನೂ ಕೇಳಲಿಲ್ಲ, ಅದಕ್ಕೆ ಈಗಲೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ.

ಹಡಗು ಹೊರಡುವ ದಿನ ಶನಿವಾರ. ಮಧ್ಯಾಹ್ನ ಒಂದೂಮುಕ್ಕಾಲಿಗೆ ಅವಳ ಮೇಜಿನ ಫೋನ್ ಬಡಿದುಕೊಂಡಿತು. ಯಂತ್ರ ಬಾಡಿಗೆಗೆ ಕೊಡುವ ಅಂಗಡಿಯವನು, ನನ್ನ ಮೇಜಿಗೂ ಕೇಳುವಷ್ಟು ದೊಡ್ಡ ದನಿ. "ಮೇಡಂ, ಆ ಟಿಕೆಟ್ ರದ್ದಾಗಿದೆಯಲ್ಲ, ನಿಮ್ಮ ಮುಂಗಡ ಯಾವ ಖಾತೆಗೆ ವಾಪಸು ಹಾಕ್ಲಿ?"

ಅವಳ ಮುಖದಲ್ಲಿ ಒಂದು ತೊಟ್ಟು ರಕ್ತ ಇರಲಿಲ್ಲ. ನಾನು ಫೋನ್ ಕಿತ್ತುಕೊಂಡು, "ಈಗಲೇ ಒಂದು ಯಂತ್ರ ಬಂದರಿಗೆ ಕಳಿಸ್ರೀ" ಎಂದು ಕಿರುಚಿದೆ.

"ಒಂದೂ ಇಲ್ಲ ಮೇಡಂ. ಇವತ್ತು ಮೂರು ಹಡಗು ಹೊರಡ್ತಿವೆ. ಎಲ್ಲಾ ಹೋಗಿವೆ. ಇನ್ನು ಸೋಮವಾರವೇ."

ಅಣ್ಣ, ಅತ್ತಿಗೆ ಆಗಲೇ ಹಡಗಿನಲ್ಲಿದ್ದರು. ಇಬ್ಬರ ಫೋನೂ ಸ್ವಿಚ್ ಆಫ್. ಆಫ್ ಮಾಡಿಸಿದವಳೂ ಇವಳೇ, ಹಡಗಿನಲ್ಲಿ ಫೋನ್ ಹಚ್ಚಿದರೆ ಮನೆ ಮಾರುವಷ್ಟು ಬಿಲ್ ಬರುತ್ತದೆ ಎಂದು ಹೆದರಿಸಿದ್ದಳು! ಹಡಗಿನ ಕಂಪನಿಗೆ ಫೋನ್ ಮಾಡಿದರೆ ಬರೀ ಸಂಗೀತ, ನಿಮ್ಮ ಸರದಿ ಇಪ್ಪತ್ತಾರನೆಯದು ಎಂಬ ಧ್ವನಿ. ಹಡಗು ಹೊರಡುವುದು ನಾಲ್ಕಕ್ಕೆ. ಬಂದರಿಗೆ ಒಂದು ಗಂಟೆಯ ದಾರಿ.

"ನಡಿ ಅಕ್ಕ, ಹೋಗೋಣ. ಮ್ಯಾನೇಜರ್‌ಗೆ ಹೊಟ್ಟೆನೋವು ಅಂತ ಹೇಳ್ತೀನಿ" ಎಂದೆ. ಅವಳು ನನ್ನ ಕೈ ಕೊಡವಿ ನೇರ ಒಳಗೆ ನಡೆದಳು. ಬಾಗಿಲು ತಟ್ಟಲೂ ಇಲ್ಲ. "ಸರ್, ಕೆಲಸದ ಹೊತ್ತಲ್ಲಿ ನಮ್ಮಣ್ಣನ ಟಿಕೆಟ್ ಬದಲಿಸಿದೆ. ಯಂತ್ರದ ಕೋರಿಕೆ ಹಾಕೋದು ಮರೆತೆ. ಅವನು ಇವತ್ತು ಮಲಗಿದ್ರೆ ಸಾಯ್ತಾನೆ. ನಾನು ಹೋಗ್ತಿದ್ದೀನಿ." ಧ್ವನಿ ನಡುಗುತ್ತಿತ್ತು, ಆದರೆ ಒಂದು ಅಕ್ಷರವೂ ನುಂಗಲಿಲ್ಲ. ಮ್ಯಾನೇಜರ್ ಎದ್ದು ನಿಂತು, "ಹೋಗ್ರೀ ಮೊದ್ಲು, ಹೋಗಿ" ಎಂದರು. ಆಮೇಲೆ ನೋಟಿಸ್ ಕೊಟ್ಟರು, ಅದು ಬೇರೆ ಮಾತು. ಅಕ್ಕ ಆಗಲೇ ಲಿಫ್ಟಿನೊಳಗೆ ನಿಂತು ಗುಂಡಿ ಒತ್ತುತ್ತಿದ್ದಳು.

ಟ್ಯಾಕ್ಸಿಯಲ್ಲಿ ಅವಳು ಮುಂದಿನ ಸೀಟಿನ ಬೆನ್ನು ಹಿಡಿದು ಕುಳಿತಿದ್ದಳು. ಸಮಾಧಾನಕ್ಕೆಂದು, "ರಾತ್ರಿ ತಾನೇ ಮಲಗೋದು? ಇನ್ನೂ ಟೈಮಿದೆ" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ಊಟ ಆದ ಮೇಲೆ ಒಂದು ನಿದ್ದೆ ತೆಗೀತಾನೆ ಅವನು. ದಿನಾ. ಹಡಗಲ್ಲಿ ಹನ್ನೆರಡೂವರೆಗೇ ಊಟ ಹಾಕಿರ್ತಾರೆ."

ಗಡಿಯಾರ ನೋಡಿದೆ. ಎರಡೂ ಇಪ್ಪತ್ತು. ಅಯ್ಯೋ ದೇವರೇ, ಬೇಗ ಓಡಿಸಪ್ಪ ಎಂದು ಟ್ಯಾಕ್ಸಿಯವನ ಹೆಗಲು ತಟ್ಟಿದೆ.

ಮೂರೂ ಹತ್ತಕ್ಕೆ ಗೇಟಿನ ಮುಂದೆ ಇಳಿದೆವು. ಟಿಕೆಟ್ ಇಲ್ಲದವರಿಗೆ ಒಳಗೆ ಪ್ರವೇಶವಿಲ್ಲ. ಗಾಜಿನ ಹಿಂದೆ ಕುಳಿತಿದ್ದ ಕಾವಲಿನವನು, "ಸಂದೇಶ ಇದ್ರೆ ಕಂಪನಿಗೆ ಫೋನ್ ಮಾಡಿ" ಎಂದು ಕಿಟಕಿ ಮುಚ್ಚಲು ಹೋದ. ಅಕ್ಕ ಆ ಸಂದಿಯಲ್ಲಿ ಕೈ ತೂರಿಸಿಬಿಟ್ಟಳು. ಗಾಜು ಅವಳ ಬೆರಳ ಮೇಲೆ ಕುಳಿತಿತು. ಅವಳು ಕೈ ತೆಗೆಯಲಿಲ್ಲ. "ಏಳನೇ ಮಹಡಿ, ಕಿಟಕಿ ಕ್ಯಾಬಿನ್, ನಮ್ಮಣ್ಣ. ಉಸಿರಾಟದ ಯಂತ್ರ ಇಲ್ಲ ಅವನ ಹತ್ತಿರ. ಟಿಕೆಟ್ ಮಾಡಿದ್ದು ನಾನು, ತಪ್ಪು ನಂದು, ಏನು ಬೇಕಾದ್ರೂ ಬರೆದುಕೊಳ್ಳಿ. ಹಡಗಿನ ಡಾಕ್ಟರಿಗೆ ಒಂದು ಫೋನ್ ಮಾಡಿ. ಕೈ ಮುಗೀತೀನಿ." ಬೆರಳು ಕೆಂಪಾಗುತ್ತಿದ್ದುದನ್ನು ಕಂಡ ಆತ ಗಾಬರಿಯಿಂದ ಕಿಟಕಿ ತೆರೆದು ಫೋನ್ ಎತ್ತಿಕೊಂಡ.

ಹೊಸ ಟಿಕೆಟ್ ನಂಬರು ಅವಳಿಗೆ ಬಾಯಿಪಾಠವಾಗಿತ್ತು. ಆತ ಅದನ್ನು ಹೇಳಿ, ಕೇಳಿಸಿಕೊಂಡು, ನಮ್ಮ ಕಡೆ ತಿರುಗಿ, "ಕ್ಯಾಬಿನ್‌ಗೆ ಫೋನ್ ಮಾಡ್ತಿದ್ದಾರೆ, ಯಾರೂ ಎತ್ತುತ್ತಿಲ್ಲವಂತೆ. ಆಳು ಕಳಿಸಿದ್ದಾರೆ" ಎಂದ.

ಆಮೇಲಿನ ಹದಿನೆಂಟು ನಿಮಿಷ ನನ್ನ ಶತ್ರುವಿಗೂ ಬೇಡ. ಬೇಲಿಯಾಚೆ ಹಡಗು ಬೆಳ್ಳಗೆ ನಿಂತಿತ್ತು. ಮೇಲೆ ಜನ ಕೈ ಬೀಸುತ್ತಿದ್ದರು, ಯಾವುದೋ ಕುಣಿತದ ಹಾಡು ಹಾಕಿದ್ದರು. ಆ ಹಾಡಿಗೆ ಬೆಂಕಿ ಬೀಳಲಿ ಎನ್ನಿಸಿತು ನನಗೆ. ಅಕ್ಕ ಬೇಲಿಯ ತಂತಿ ಹಿಡಿದು ಏಳನೆಯ ಸಾಲಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಳು. "ನಾನೇ ಕೊಂದೆ" ಎಂದು ಎರಡು ಸಲ ಹೇಳಿದಳು. ನಾನು ಬೈದು ಸುಮ್ಮನಾಗಿಸಿದೆ. ಮೂರೂವರೆಗೆ ಕಿತ್ತಳೆ ಬಣ್ಣದ ಅಂಗಿಯವರು ಹಡಗಿಗೆ ಹತ್ತಿಳಿಯುವ ಸೇತುವೆಯ ಹಗ್ಗ ಬಿಚ್ಚಲು ಬಂದು ನಿಂತರು.

ಆಗ ಸೇತುವೆಯ ತಲೆಯಲ್ಲಿ ಒಬ್ಬ ಮನುಷ್ಯ ಕಾಣಿಸಿದ. ಹೆಗಲಿಗೆ ಸಣ್ಣ ಯಂತ್ರ, ಮೂಗಿನಲ್ಲಿ ನಳಿಕೆ, ಹಿಂದೆ ಕೈಚೀಲಗಳನ್ನು ಹೊತ್ತ ಅತ್ತಿಗೆ. ನಾಲ್ಕು ಹೆಜ್ಜೆಗೊಮ್ಮೆ ನಿಂತು ಇಳಿಯುತ್ತಿದ್ದ. ನನಗೆ ಹೋದ ಜೀವ ಬಂದ ಹಾಗಾಯಿತು. ಅಕ್ಕ ನೆಲದ ಮೇಲೆ ಕುಕ್ಕರಿಸಿಬಿಟ್ಟಳು.

ಅವರನ್ನು ಗೇಟಿನ ಪಕ್ಕದ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂರಿಸಿದರು. ಅತ್ತಿಗೆ ಅಳುತ್ತಿದ್ದರು. "ನನಗೆ ಒಂದು ಮಾತು ಹೇಳಿಲ್ಲ ಕಣಮ್ಮ ಇವ್ರು. ಯಂತ್ರ ಎಲ್ಲಿ ಅಂದ್ರೆ, ಸಂಜೆ ತರ್ತಾರೆ ಅಂದ್ರು. ಕ್ಯಾಬಿನ್‌ನಲ್ಲಿ ಕೂತ್ರೆ ನಿದ್ದೆ ಬರುತ್ತೆ ಅಂತ ಮೇಲೆ ಬಿಸಿಲಲ್ಲಿ ಕೂತಿದ್ರು."

"ನಿನಗೆ ಗೊತ್ತಿತ್ತಾ?" ಎಂದು ಅಕ್ಕ ಅಣ್ಣನನ್ನು ಕೇಳಿದಳು.

ಆತ ಉಸಿರು ಹಿಡಿದು ಹಿಡಿದು ಹೇಳಿದ. "ಹತ್ತಿದ ತಕ್ಷಣ ಕೇಳಿದೆ. ನಿಮ್ಮ ಹೆಸರಲ್ಲಿ ಏನೂ ಇಲ್ಲ ಅಂದ್ರು. ಟಿಕೆಟ್ ಮಾಡಿದವರ ಮೇಲೆ ದೂರು ಬರೆದುಕೊಡಿ ಅಂತ ಒಂದು ಕಾಗದ ಕೊಟ್ರು. ಅದರಲ್ಲಿ ನಿನ್ನ ಹೆಸರು ಬರೀಬೇಕಿತ್ತು. ಬೇಡ, ಯಂತ್ರ ನಾನೇ ತಂದಿದ್ದೀನಿ ಅಂದೆ. ನಾಲ್ಕು ರಾತ್ರಿ ತಾನೇ, ಕೂತೇ ಕಳೀತಿದ್ದೆ. ನಿನ್ನ ಕೆಲಸಕ್ಕೆ ಕುತ್ತು ಬಂದ್ರೆ ನೀನು ಹೆದರಿ ಸಾಯ್ತೀಯ."

ನಾನು ಹದಿನೇಳು ವರ್ಷದಲ್ಲಿ ಅವಳ ಧ್ವನಿ ಏರಿದ್ದನ್ನು ಕೇಳಿದ್ದು ಅಂದೇ. "ಹೆದರಿ ಯಾರು ಸತ್ತಿದ್ದಾರೋ? ಐವತ್ತು ವರ್ಷದಿಂದ ಹೆದರ್ತಿದ್ದೀನಿ, ಗುಂಡುಕಲ್ಲಿನ ಹಾಗೆ ಇದ್ದೀನಿ ನೋಡು! ಉಸಿರಿಲ್ಲದೆ ಸಾಯ್ತಾರೆ ಕಣೋ, ಹೆದರಿ ಅಲ್ಲ! ನನ್ನ ಹೆಸರು ಬರೀಬೇಕಿತ್ತು ನೀನು! ದೊಡ್ಡಕ್ಷರದಲ್ಲಿ ಬರೀಬೇಕಿತ್ತು!" ಕಾವಲಿನವನು ಒಳಗೆ ಇಣುಕಿ ನೋಡಿ ಹಾಗೇ ಹಿಂದೆ ಸರಿದ.

ಹೊರಗೆ ಹಡಗು ದೀರ್ಘವಾಗಿ ಕೂಗಿತು. ಅದು ನಿಂತ ಮೇಲೆ ಅಣ್ಣ ನೆಲ ನೋಡುತ್ತಲೇ ಹೇಳಿದ. "ನನಗೂ ಹೆದರಿಕೆ ಆಗಿತ್ತು. ಮೇಲೆ ಕೂತಾಗ ಕಣ್ಣು ಎಳೀತಿತ್ತು. ತೊಡೆ ಚಿವುಟಿಕೊಂಡು ಕೂತಿದ್ದೆ. ನನ್ನನ್ನ ಹಡಗಿಂದ ಇಳಿಸಿ ಅಂತ ಕೇಳೋಕೆ ಬಾಯಿ ಬರಲಿಲ್ಲ."

ಅವಳ ಸಿಟ್ಟು ಅಲ್ಲಿಗೇ ನಿಂತಿತು. ಅವನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. "ಎಲ್ಲಿ ಚಿವುಟಿಕೊಂಡೆ, ತೋರಿಸು" ಎಂದಳು. ಆತ ಪ್ಯಾಂಟಿನ ಮೇಲೆಯೇ ಕೈಯಿಟ್ಟು ತೋರಿಸಿದ. ಊದಿದ ಬೆರಳುಗಳ ಕೈಯಿಂದ ಅವಳು ಆ ಜಾಗವನ್ನು ಮೆಲ್ಲಗೆ ಉಜ್ಜತೊಡಗಿದಳು. "ಮುಂದಿನ ಸಲ ಹೇಳು" ಎಂದಳು. ಆತ ಹೂಂ ಎಂದ.