ಪಿಂಗಾಣಿ ತಟ್ಟೆಗೆ ಹಚ್ಚಿದ ಕುಂಕುಮ

ಬೋನಾಳದ ಕಡೆಯ ಒಂದು ಮನೆಯಲ್ಲಿ ನಾಲ್ಕು ಪಿಂಗಾಣಿ ತಟ್ಟೆಗಳಿದ್ದವು. ಅಂಗೈಗಿಂತ ತುಸು ದೊಡ್ಡವು. ಒಂದೊಂದರ ಮೇಲೂ ಒಬ್ಬೊಬ್ಬ ಬಿಳಿ ಹೆಂಗಸಿನ ಚಿತ್ರ: ಬರಿಯ ಹೆಗಲು, ಕೊರಳಲ್ಲಿ ಮುತ್ತು, ಅಂಚಿಗೆ ಚಿನ್ನದ ಗೆರೆ. ನಿಜಾಮನ ಕಾಲದ ಅಧಿಕಾರಿಯೊಬ್ಬ ಸುರಪುರ ಬಿಡುವಾಗ ಆ ಮನೆಯ ಹಿರಿಯನಿಗೆ ಕೊಟ್ಟು ಹೋಗಿದ್ದನಂತೆ.

ಆಗಿನ್ನೂ ನನಗೆ ಅಂಗಡಿ ಇರಲಿಲ್ಲ. ತಲೆಯ ಮೇಲೆ ಬುಟ್ಟಿ ಹೊತ್ತು, ಹಳೆ ಸೀರೆಗೆ, ಹಿತ್ತಾಳೆಗೆ ಸ್ಟೀಲ್ ಪಾತ್ರೆ ಕೊಡುತ್ತ ಊರೂರು ತಿರುಗುತ್ತಿದ್ದೆ. ಕಾಲುವೆಗೆ ನೀರು ಬಿಟ್ಟ ಹೊಸತು. ಬೆಳೆ ಬಂದು ಕೈಯಲ್ಲಿ ಕಾಸಾಡಿ ಎಲ್ಲರಿಗೂ ಸ್ಟೀಲ್ ಬೇಕಾಗಿತ್ತು. ಆ ಮನೆಯ ಹೆಂಗಸು ನನಗಿಂತ ಹಿರಿಯಳು, ಅಕ್ಕ ಅನ್ನುತ್ತಿದ್ದೆ. ತಟ್ಟೆ ಕಂಡ ಮೇಲೆ ಬಿಡುವವಳೇ ನಾನು? ಹೈದರಾಬಾದಿನಿಂದ ಹಳೆ ಸಾಮಾನಿನ ವ್ಯಾಪಾರಿಯೊಬ್ಬರನ್ನು ಕರೆದುಕೊಂಡೇ ಹೋದೆ.

ಅವರು ತಟ್ಟೆ ಬೋರಲು ಹಾಕಿ ಹಿಂದಿನ ಅಕ್ಷರ ಓದಿದರು. ದೂರದೇಶದ ಒಬ್ಬ ಚಕ್ರವರ್ತಿಯ ಮನೆಯವರಂತೆ: ತಾಯಿ, ತಮ್ಮನ ಹೆಂಡತಿ, ಇಬ್ಬರು ತಂಗಿಯರು. ಅಕ್ಕ ಕಡೆಯ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡಳು.

"ಯಾರ ತಂಗಿನಾದ್ರೂ ಆಗಿರ್ಲಿ. ಇದು ನನ್ನ ಮಗಳ ಮಾರಿ."

"ಅಲ್ಲ ಅಕ್ಕ, ಹೆಗಲು ನೋಡು. ನಿನ್ನ ಮಗಳು ಹಿಂಗ ನಿಂದರ್ತಿದ್ಲೇನು?"

"ಸೆರಗ ನಾ ಹೊದಸ್ತೀನಿ. ನೀ ನಿನ್ನ ಭಾಂಡೆ ಮಾರು."

ಉಳಿದ ಮೂರನ್ನಾದರೂ ಕೊಡು ಎಂದೆ. "ಅಕಿ ಒಬ್ಬಾಕಿ ಹ್ಯಾಂಗ ಇರ್ತಾಳ?" ಎಂದಳು. ವ್ಯಾಪಾರಿ ಚಹಾ ಕುಡಿದು ಎದ್ದು ಹೋದರು.

ಆ ಹುಡುಗಿ ಕಾಲುವೆಯ ಮೊದಲ ವರ್ಷವೇ ನೀರುಪಾಲಾಗಿದ್ದಳು. ದಸರೆಗೆ ಮುಂಚೆ ಮನೆಯ ಹಾಸಿಗೆ-ಹೊದಿಕೆ ಎಲ್ಲ ಒಗೆಯುವುದು ನಮ್ಮ ಕಡೆಯ ರೂಢಿ. ಬಾವಿಗಾದರೆ ಮೆಟ್ಟಿಲು. ಕಾಲುವೆಗೆ ಇದ್ದದ್ದು ಸಿಮೆಂಟಿನ ಇಳಿಜಾರು. ಪಾಚಿ ಕಟ್ಟಿದರೆ ಕಾಲು ನಿಲ್ಲದು. ಅದು ಯಾರಿಗೆ ತಿಳಿದಿತ್ತು? ಅವಳದೊಂದು ಫೋಟೋ ಕೂಡ ಇರಲಿಲ್ಲ. ಗಂಡಿನ ಕಡೆಯವರು ಕೇಳಿದಾಗ ತೆಗೆಸಿದರಾಯಿತು ಎಂದುಕೊಂಡಿದ್ದರು.

ಹಾಗಾಗಿ ಚಕ್ರವರ್ತಿಯ ತಂಗಿ ಗೋಡೆಯ ದೇವರ ಮಾಡಕ್ಕೆ ಏರಿದಳು. ಶುಕ್ರವಾರ, ಅಮಾವಾಸ್ಯೆ ಕುಂಕುಮ. ಪಿಂಗಾಣಿ ನುಣುಪು, ಒಣ ಕುಂಕುಮ ನಿಲ್ಲುವುದಿಲ್ಲ. ಮೊದಲು ಎಣ್ಣೆ ಸವರಬೇಕು. ಆ ಜಿಡ್ಡು ಹೋಗಲಿಕ್ಕೆ, ದೇವರ ಹಿತ್ತಾಳೆ ತಿಕ್ಕಿದಂತೆ, ಹುಣಸೆಹಣ್ಣು ಮತ್ತು ಬೂದಿ.

ಹಳೆ ಪಿಂಗಾಣಿ ಇಟ್ಟುಕೊಂಡವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿಸಿಕೊಳ್ಳಿ. ಚಿತ್ರದ ಮೇಲೆ ಬೆರಳು ಆಡಿಸಿ ನೋಡಿ. ಗೆರೆ ಬೆರಳಿಗೆ ಉಬ್ಬಾಗಿ ತಾಗಿದರೆ ಬಣ್ಣ ಹೊಳಪಿನ ಮೇಲಿದೆ ಎಂದರ್ಥ, ಬೂದಿ ಮುಟ್ಟಿಸಬೇಡಿ. ಅಕ್ಕನಿಗೂ ಇದನ್ನೇ ಹೇಳಿದೆ.

"ಒದ್ದೆ ಬಟ್ಟಿಲೆ ಒರಸು, ಸಾಕು."

"ಜಿಡ್ಡ ಮಾರಿ ಇಟ್ಕೊಂಡು ಕುಂಡ್ರಬೇಕೇನು ನನ್ನ ಕೂಸು?"

"ಹಂಗಾದ್ರ ಕುಂಕುಮ ಬಿಡು."

ಅವಳು ನನ್ನತ್ತ ತಿರುಗಲಿಲ್ಲ. "ನೀರಾಗಿಂದ ಎತ್ತಿದಾಗ ಹಣಿ ಬರಿದಿತ್ತು. ಮತ್ತ ಬರಿ ಹಣಿ ನೋಡಂತಿ ಏನು?"

ಬುಟ್ಟಿ ತಲೆಗೇರಿಸಿ ಹೊರಟೆ.

ಮೊದಲು ಹುಬ್ಬು ಹೋಯಿತು. ಆಮೇಲೆ ತುಟಿ. ಪ್ರತಿ ಸಲ ಹೋದಾಗಲೂ ನೋಡಿ ಬರುತ್ತಿದ್ದೆ. ಸುರಪುರದ ಸ್ಟುಡಿಯೋದವನನ್ನು ಕರೆತಂದು, ಉಳಿದಷ್ಟಾದರೂ ಇರಲಿ ಎಂದು ಫೋಟೋ ತೆಗೆಸಿದೆ. ಬೆಳಕು ತಟ್ಟೆಗೆ ಬಡಿದು ಮುಖವಿರಬೇಕಾದ ಜಾಗದಲ್ಲಿ ಬರೀ ಬೆಳ್ಳಗೆ ಬಂತು. ಕೆಲವು ವರ್ಷಕ್ಕೆ ತಟ್ಟೆಯೂ ಹಾಗೇ ಆಯಿತು. ಕೊರಳು, ಮುತ್ತು ಹಾಗೇ ಉಳಿದವು. ಅಲ್ಲಿಗೆ ಕುಂಕುಮವೂ ಬೂದಿಯೂ ತಾಗಿರಲಿಲ್ಲವಲ್ಲ.

ನನ್ನ ಬುದ್ಧಿ ಅಷ್ಟಕ್ಕೇ ಸುಮ್ಮನಿರದು. ಇನ್ನೊಬ್ಬ ತಂಗಿಯ ತಟ್ಟೆ ಎತ್ತಿ ಹಿಡಿದೆ. "ಒಂದ ತಾಯಿ ಮಕ್ಕಳು ಅಕ್ಕ. ಮೂಗು ಅದೇ ನೋಡು, ಹುಬೇಹೂಬ್."

"ಮೂಗು ಅದೇ ಇದ್ರೇನಾತು? ನನಗ ಇದ್ದಾಕಿ ಒಬ್ಬಾಕಿ." ತಟ್ಟೆಯನ್ನು ಕಸಿದು ಬೋರಲು ಹಾಕಿಟ್ಟಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀ ನೋಡಿದ್ಯಲ್ಲ ಅಕಿನ್ನ. ಖರೇ ಹೇಳು, ಹ್ಯಾಂಗಿದ್ಲು?"

ನೋಡಿದ್ದೆ. ನನ್ನ ಬುಟ್ಟಿಯ ಡಬ್ಬಿಯೊಂದನ್ನು ಬೆರಳ ಗೆಣ್ಣಿನಿಂದ ಬಡಿದು, ಇದು ತೆಳು, ಬ್ಯಾರೆ ಕೊಡು ಎಂದು ಜಗಳ ತೆಗೆದವಳು. ಆ ಡಬ್ಬಿ ನೆನಪಿದೆ, ಅವಳ ದನಿ ನೆನಪಿದೆ. ಮುಖ ಎಷ್ಟು ಎಳೆದರೂ ಬರಲಿಲ್ಲ. ಬಂದದ್ದು ತಟ್ಟೆಯ ಮುಖ.

"ಉದ್ದ ಮೂಗು," ಎಂದೆ. "ಸಣ್ಣ ತುಟಿ. ಗಲ್ಲದಾಗ ಒಂಚೂರು ಕುಳಿ."

ನಾನು ಹೇಳುತ್ತಿರುವುದು ಯಾರನ್ನು ಎಂದು ಅವಳಿಗೆ ತಿಳಿಯದೇ ಹೋಗುತ್ತದೆಯೇ? ಬೈದಾಳು ಎಂದು ಕಾದೆ.

"ಇರಬೇಕು," ಎಂದಳು ಅಕ್ಕ. "ನನಗೂ ಅಷ್ಟೇ ನೆನಪದ."